ಬಿ.ಇಡಿ ಇಂಟರ್ನ್‌ಶಿಪ್: ಪಾಠಯೋಜನೆಯಲ್ಲಿ ಇಲ್ಲದ ಉತ್ತರವನ್ನು ಮಕ್ಕಳು ಕೊಟ್ಟರೆ ಏನು ಮಾಡಬೇಕು?

ಗಣಿತ_ಪ್ರಶಿಕ್ಷಣಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಇಡಿ ಓದುತ್ತಿದ್ದೇನೆ, ಮೆಥಡ್ ಗಣಿತ ಮತ್ತು ಭೌತ ವಿಜ್ಞಾನ. ಈಗ ಇಂಟರ್ನ್‌ಶಿಪ್‌ಗೆ ಒಂದು ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದಾರೆ. ಶಾಲೆ ಚೆನ್ನಾಗಿದೆ, ಎಚ್‌ಎಂ ಮತ್ತು ಗಣಿತದ ಸರ್ ಇಬ್ಬರೂ ಸಹಕಾರ ಕೊಡುತ್ತಿದ್ದಾರೆ, ಅದರ ಬಗ್ಗೆ ತಕರಾರಿಲ್ಲ.

ನನ್ನ ಕಷ್ಟ ಬೇರೆ. 8ನೇ ಕ್ಲಾಸಿಗೆ ಭಾಗಲಬ್ಧ ಸಂಖ್ಯೆಗಳ ಪಾಠ ಕೊಟ್ಟಿದ್ದಾರೆ. ಕಾಲೇಜಿನಲ್ಲಿ ಹೇಳಿಕೊಟ್ಟ ಹಾಗೆ 5ಇ ಮಾದರಿಯಲ್ಲಿ (ಪಾಠವನ್ನು ಐದು ಹಂತವಾಗಿ ಮಾಡುವ ಕ್ರಮ) ಪಾಠಯೋಜನೆ ಬರೆದು, ಚಾರ್ಟ್ ಮಾಡಿಕೊಂಡು ಹೋದೆ. ಪೂರ್ವಜ್ಞಾನ ಪರೀಕ್ಷೆ ಅಂತ 1/2 + 1/3 ಎಷ್ಟು ಎಂದು ಕೇಳಿದೆ. ಅರ್ಧ ಕ್ಲಾಸು ಒಟ್ಟಿಗೆ 2/5 ಅಂದಿತು. ಹೆದರಿಕೆಯಿಂದಲ್ಲ, ಪೂರಾ ಧೈರ್ಯದಿಂದ. ನನ್ನ ಪಾಠಯೋಜನೆಯಲ್ಲಿ ಆ ಜಾಗದಲ್ಲಿ "ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರ: 5/6" ಎಂದಿದೆ, ಅಷ್ಟೇ. 2/5 ಬಂದರೆ ಮುಂದೆ ಏನು ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಛೇದಗಳ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ತೆಗೆದು ಬೋರ್ಡ್ ಮೇಲೆ ಮಾಡಿ ತೋರಿಸಿದೆ, ಮಕ್ಕಳು ಬರೆದುಕೊಂಡರು, ಮಾರನೇ ದಿನ 1/4 + 1/2 ಕೇಳಿದರೆ 2/6 ಎಂದರು.

ಮೈಕ್ರೋ ಟೀಚಿಂಗ್‌ನಲ್ಲಿ (ಒಂದೊಂದೇ ಬೋಧನಾ ಕೌಶಲವನ್ನು ಕೆಲವೇ ನಿಮಿಷದ ಪಾಠದಲ್ಲಿ ಅಭ್ಯಾಸ ಮಾಡೋದು) ಪ್ರಶ್ನಿಸುವ ಕೌಶಲಕ್ಕೆ ನನಗೆ ಒಳ್ಳೆ ಅಂಕ ಬಂದಿತ್ತು. ಆದರೆ ಅಲ್ಲಿ ಮಕ್ಕಳ ಜಾಗದಲ್ಲಿ ಕೂತವರು ನನ್ನ ಸಹಪಾಠಿಗಳು, ಬಿ.ಎಸ್ಸಿ ಮುಗಿಸಿದವರು. ಅವರು ಯಾವತ್ತೂ ತಪ್ಪು ಉತ್ತರ ಕೊಡಲೇ ಇಲ್ಲ. ಸರಿ ಉತ್ತರ ಬಂದಾಗ ಮುಂದೆ ಹೋಗೋದು ಮಾತ್ರ ಅಭ್ಯಾಸ ಆಗಿದೆ.

ಹಾಗಾಗಿ ಕೇಳುತ್ತಿದ್ದೇನೆ. ಪಾಠಯೋಜನೆ ಬದಿಗಿಟ್ಟು 5ನೇ ಕ್ಲಾಸಿನ ಭಿನ್ನರಾಶಿಗೆ ವಾಪಸ್ ಹೋಗಲಾ? ಹಾಗೆ ಹೋದರೆ ಘಟಕ ಮುಗಿಯೋದು ಯಾವಾಗ? ಕಾಲೇಜಿನ ಗೈಡ್ ವೀಕ್ಷಣೆಗೆ ಬಂದಾಗ ಏನು ಹೇಳಲಿ? ಇನ್ನೊಂದು, ಇಂಟರ್ನ್‌ಶಿಪ್ ಜೊತೆಗೆ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದೋದು ಹೇಗೆ ಅಂತಲೂ ಯಾರಾದರೂ ಹೇಳಿ.

ಹೈಸ್ಕೂಲ್ ಮೇಷ್ಟ್ರು

ತಂಗಿ, ಮೊದಲು 2/5 ವಿಷಯ ಮುಗಿಸೋಣ, ಯಾಕೆಂದರೆ ಉಳಿದದ್ದೆಲ್ಲ ಅದರಲ್ಲೇ ಇದೆ.

ಮಕ್ಕಳು 2/5 ಎನ್ನೋದು ದಡ್ಡತನದಿಂದ ಅಲ್ಲ. ಒಂದು ಟೆಸ್ಟ್ ಪೇಪರ್ ತೆಗೆದುಕೊಳ್ಳಿ. 2 ಅಂಕದ ಪ್ರಶ್ನೆಗೆ 1 ಬಂದರೆ ನಾವೇ ಕೆಂಪು ಪೆನ್ನಿನಲ್ಲಿ 1/2 ಎಂದು ಬರೆಯುತ್ತೇವೆ. 3 ಅಂಕದ್ದಕ್ಕೆ 1 ಬಂದರೆ 1/3. ಕೊನೆಗೆ ಕೂಡಿ ಏನು ಬರೆಯುತ್ತೇವೆ? 2/5. ಅಲ್ಲಿ ಅದೇ ಸರಿ! ಮಗು ಒಂದನೇ ಕ್ಲಾಸಿನಿಂದ ಈ ಕೂಡುವಿಕೆ ನೋಡುತ್ತಾ ಬಂದಿದೆ. ಒಂದೇ ಇಡೀ ವಸ್ತುವಿನ ಭಾಗಗಳನ್ನು ಕೂಡೋದು ಬೇರೆ, ಬೇರೆ ಬೇರೆ ಪ್ರಶ್ನೆಗಳ ಅಂಕ ಕೂಡೋದು ಬೇರೆ, ಎರಡನ್ನೂ ಒಂದೇ ಥರ ಬರೆಯುತ್ತೇವೆ ಅಂತ ಅದಕ್ಕೆ ಯಾರೂ ಹೇಳಿಲ್ಲ. ಜೊತೆಗೆ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ ಎಂದು ಎರಡಾಗಿ ನೋಡುವ ರೂಢಿ. 1/2 ಅನ್ನೋದು ಸಂಖ್ಯಾರೇಖೆಯ ಮೇಲೆ ಕೂರುವ ಒಂದೇ ಸಂಖ್ಯೆ ಅನ್ನೋದು ಇನ್ನೂ ಒಳಗೆ ಇಳಿದಿಲ್ಲ. ಲ.ಸಾ.ಅ. ಹೇಳಿಕೊಟ್ಟರೆ ಈ ಎರಡರಲ್ಲಿ ಯಾವುದೂ ಸರಿಹೋಗುವುದಿಲ್ಲ, ಅದಕ್ಕೇ ಮಾರನೇ ದಿನ 2/6 ಬಂತು.

ನಾನು ಮಾಡೋದು ಹೀಗೆ. "ತಪ್ಪು" ಅನ್ನುವುದಿಲ್ಲ. 2/5 ಅನ್ನು ಬೋರ್ಡ್ ಮೇಲೆ ಬರೆದು, "1/2 ದೊಡ್ಡದಾ, 2/5 ದೊಡ್ಡದಾ?" ಎಂದು ಕೇಳುತ್ತೇನೆ. ಆಮೇಲೆ 30 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕತ್ತರಿಸಿ ಅಂತ ಹೇಳುತ್ತೇನೆ, ಸ್ಕೇಲ್ ಉದ್ದಕ್ಕೆ ಹಳೆ ಪೇಪರ್ ಸಾಕು. ಅರ್ಧಕ್ಕೆ ಗುರುತು ಹಾಕಿದರೆ 15 ಸೆಂ.ಮೀ. ಮೂರನೇ ಒಂದು ಭಾಗ 10. ಎರಡೂ ಸೇರಿ 25. ಈಗ ಅದೇ ಪಟ್ಟಿಯ 2/5 ಎಷ್ಟು? ಐದು ಭಾಗ ಮಾಡಿದರೆ ಒಂದೊಂದು 6, ಎರಡು ಭಾಗ 12. ಅಂದರೆ 15ಕ್ಕೆ ಇನ್ನೇನೋ ಸೇರಿಸಿದ ಮೇಲೆ 12ಕ್ಕೆ ಇಳಿದುಬಿಟ್ಟಿದೆ! ಇಲ್ಲಿ ನೀವು ಬಾಯಿ ಬಿಡಬೇಡಿ. ಸುಮ್ನೆ ಕಾಯಿರಿ. ಯಾವುದಾದರೂ ಒಂದು ಮಗು "ಮಿಸ್, ಇದು ಹೆಂಗಾಗುತ್ತೆ?" ಅಂತ ಕೇಳುತ್ತದೆ, ಆ ಪ್ರಶ್ನೆ ಬಂದ ಮೇಲೆ ಲ.ಸಾ.ಅ. ಹೇಳಿಕೊಟ್ಟರೆ ಅದು ಯಾಕೆ ಬೇಕು ಎಂದು ಅವರಿಗೇ ಗೊತ್ತಿರುತ್ತದೆ.

ಪೂರಾ 5ನೇ ಕ್ಲಾಸಿಗೆ ವಾಪಸ್ ಹೋಗಬೇಕಾಗಿಲ್ಲ. ಎರಡು ಪೀರಿಯಡ್ ಇದಕ್ಕೆ ಕೊಡಿ. ಭಾಗಲಬ್ಧ ಸಂಖ್ಯೆಯ ಪಾಠ ನಿಂತಿರೋದೇ ಇದರ ಮೇಲೆ, ಇದು ಬಿಟ್ಟು ಸಂಕಲನದ ವಿಲೋಮ, ಗುಣಾಕಾರದ ವಿಲೋಮ ಎಲ್ಲ ಬಾಯಿಪಾಠವೇ ಆಗುತ್ತದೆ.

ಇನ್ನೊಂದು ಕೆಲಸ ನಾಳೆಯೇ ಮಾಡಿ. ಅಂಕ ಕೊಡದ ಚಿಕ್ಕ ಪ್ರಶ್ನೆ ಚೀಟಿ ಕೊಡಿ. 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು (4 ದೊಡ್ಡದು ಅಂತ 1/4 ಎನ್ನುವವರು ಇರುತ್ತಾರೆ). 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು (35 ದೊಡ್ಡದು ಅಂತ 0.35 ಎನ್ನುವವರು ಇರುತ್ತಾರೆ). −3 ಮತ್ತು −7ರಲ್ಲಿ ಯಾವುದು ದೊಡ್ಡದು. ಮತ್ತೆ 7 + 5 = □ + 4, ಚೌಕದಲ್ಲಿ ಏನು ಬರುತ್ತದೆ. ಈ ಕೊನೆಯದಕ್ಕೆ 12 ಎಂದು ಬರೆಯುವವರು ಬಹಳ. ಸಮ ಚಿಹ್ನೆ ಅಂದರೆ "ಉತ್ತರ ಇಲ್ಲಿ ಬರೆ" ಎಂದು ತಿಳಿದುಕೊಂಡಿರುತ್ತಾರೆ, ಎರಡೂ ಕಡೆ ಸಮ ಇರಬೇಕು ಎಂದಲ್ಲ. ಇದನ್ನು ಈಗ ಹಿಡಿಯದಿದ್ದರೆ ಮುಂದೆ ಸಮೀಕರಣದ ಪಾಠದಲ್ಲಿ ಒದ್ದಾಡುತ್ತೀರಿ. ಚೀಟಿಗಳನ್ನು ಸರಿ-ತಪ್ಪು ಎಂದು ಎರಡು ಗುಂಪು ಮಾಡಬೇಡಿ, ಒಂದೇ ಥರದ ತಪ್ಪುಗಳನ್ನು ಒಂದು ಕಡೆ ಇಟ್ಟುಕೊಂಡು ನೋಡಿ. ನಿಮ್ಮ ಮುಂದಿನ ವಾರದ ಪಾಠ ಅಲ್ಲೇ ಸಿಗುತ್ತದೆ.

ನೇರ_ಮಾತು

ಮೇಷ್ಟ್ರು ಹೇಳಿದ್ದು ಒಪ್ಪುತ್ತೇನೆ, ಆದರೆ ಸತ್ಯ ಹೇಳಬೇಕೆಂದರೆ ಕಾಲೇಜಿನವರಿಗೆ ಇದು ಯಾವುದೂ ಬೇಕಾಗಿಲ್ಲ. ನಾನು ಓದಿದ ಕಡೆ ಬೇಕಾಗಿದ್ದು ರೆಕಾರ್ಡ್. ಪಾಠಯೋಜನೆ ಪುಸ್ತಕ, ವೀಕ್ಷಣಾ ಪುಸ್ತಕ, ಘಟಕ ಪರೀಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ (ತರಗತಿಯ ಒಂದು ಸಮಸ್ಯೆ ಹಿಡಿದು ಮಾಡುವ ಚಿಕ್ಕ ಅಧ್ಯಯನ), ಎಲ್ಲಕ್ಕೂ ಒಂದೊಂದು ಪುಸ್ತಕ, ಬಣ್ಣದ ಪೆನ್ನಿನಲ್ಲಿ ಹೆಡ್ಡಿಂಗ್, ಬೈಂಡಿಂಗ್. ಸೀನಿಯರ್‌ಗಳ ಪುಸ್ತಕ ನೋಡಿ ಅದೇ ಪಾಠ, ಅದೇ ನಿರೀಕ್ಷಿತ ಉತ್ತರ ಇಳಿಸೋದು. ಶಾಲೆಯಲ್ಲಿ ನಮ್ಮನ್ನು ಖಾಲಿ ಇದ್ದ ಪೀರಿಯಡ್‌ಗೆಲ್ಲ ಕಳಿಸುತ್ತಿದ್ದರು, ಗಣಿತದವನು ಸಮಾಜ ಕ್ಲಾಸು ನೋಡಿಕೊಳ್ಳಬೇಕು. ಕಾಲೇಜಿನಿಂದ ಯಾರಾದರೂ ಬಂದರೂ ಸಹಿಗೆ ಬರುತ್ತಿದ್ದರು. ಎರಡು ವರ್ಷದ ಕೋರ್ಸ್ ಮಾಡಿ ಏನು ಬದಲಾಯಿತು? ಪಾಠಯೋಜನೆಯನ್ನೇ ತೆಗೆದುಹಾಕಿ, ಮಕ್ಕಳ ಜೊತೆ ಬಿಡಿ, ಕಲಿಯುತ್ತಾರೆ ಅನ್ನೋದು ನನ್ನ ಅಭಿಪ್ರಾಯ.

ಬೋಧಕಿ_ಬಿಇಡಿ

ನೇರ_ಮಾತು ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ, ಅಂಥ ಕಾಲೇಜುಗಳಿವೆ, ಹಾಜರಾತಿಯನ್ನೇ ಕೇಳದ ಕಡೆಗಳೂ ಇವೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿದ್ದೇ ಶಿಕ್ಷಕರ ತರಬೇತಿಯ ಈ ಸ್ಥಿತಿ ನೋಡಿ. ಆಮೇಲೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮಗಳಲ್ಲಿ ಬಿ.ಇಡಿ ಎರಡು ವರ್ಷ ಆಯಿತು, ಶಾಲೆಯಲ್ಲಿ ಇರಬೇಕಾದ ಅವಧಿ ಒಟ್ಟು 20 ವಾರ, ಅದರಲ್ಲಿ ಮೊದಲ ವರ್ಷ 4, ಎರಡನೇ ವರ್ಷ 16 ಎಂದಾಯಿತು. ಇಷ್ಟು ಸಮಯ ಕೊಟ್ಟಿದ್ದೇ ಪ್ರಶಿಕ್ಷಣಾರ್ಥಿ ಒಂದೇ ಮಕ್ಕಳ ಗುಂಪನ್ನು ತಿಂಗಳುಗಟ್ಟಲೆ ನೋಡಲಿ ಎಂದು. ಆ ಸಮಯವನ್ನು ರೆಕಾರ್ಡ್ ಬರೆಯೋದಕ್ಕೆ ಕಳೆದರೆ ಅದು ಕಾಲೇಜಿನ ತಪ್ಪು, ಪಾಠಯೋಜನೆಯ ತಪ್ಪಲ್ಲ.

ಪಾಠಯೋಜನೆ ತೆಗೆದುಹಾಕಿ ಅನ್ನೋದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯೋಜನೆ ಇಲ್ಲದೆ ಹೊಸಬರು ಕ್ಲಾಸಿಗೆ ಹೋದರೆ ತಾವು ಹೈಸ್ಕೂಲಿನಲ್ಲಿ ಹೇಗೆ ಕೇಳಿದ್ದರೋ ಹಾಗೇ ಪಾಠ ಮಾಡುತ್ತಾರೆ. ಬೋರ್ಡ್ ಮೇಲೆ ಲೆಕ್ಕ ಮಾಡು, ಮಕ್ಕಳು ಇಳಿಸಿಕೊಳ್ಳಲಿ. ಅದರಿಂದ ಹೊರಗೆ ಬರೋದಕ್ಕೇ ಕುಳಿತು ಯೋಚಿಸಿ ಬರೆಯಬೇಕು.

ಆದರೆ ಯೋಜನೆಯ ನಮೂನೆಯಲ್ಲಿ ಒಂದು ತೊಂದರೆ ಇದೆ. 5ಇ ಮಾದರಿಯನ್ನು ಅಮೆರಿಕದ ಬಿಎಸ್‌ಸಿಎಸ್ ಎಂಬ ಸಂಸ್ಥೆಯವರು 1980ರ ದಶಕದಲ್ಲಿ ವಿಜ್ಞಾನ ಪಾಠಗಳಿಗೆ ಮಾಡಿದ್ದು. ತೊಡಗಿಸುವುದು, ಹುಡುಕಾಡುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಇದು ಒಂದು ಘಟಕಕ್ಕೆ, ಹಲವು ದಿನಗಳಿಗೆ ಹಂಚಿ ಮಾಡುವ ಕೆಲಸ. ನಾವು ಇಲ್ಲಿ ಐದನ್ನೂ 40 ನಿಮಿಷದ ಒಂದು ಪೀರಿಯಡ್‌ಗೆ ತುರುಕುತ್ತೇವೆ. ಹುಡುಕಾಟಕ್ಕೆ ಐದು ನಿಮಿಷ ಕೊಟ್ಟರೆ ಮಕ್ಕಳು ಏನು ಹುಡುಕಿಯಾರು? ಮೇಷ್ಟ್ರು ಹೇಳಿದ ಕಾಗದದ ಪಟ್ಟಿಯ ಕೆಲಸಕ್ಕೇ ಒಂದು ಪೀರಿಯಡ್ ಬೇಕು. ಹಾಗಾಗಿ ಘಟಕ ಯೋಜನೆಯಲ್ಲೇ ಐದು ಹಂತಗಳನ್ನು ನಾಲ್ಕೈದು ಪೀರಿಯಡ್‌ಗೆ ಹಂಚಿ ಬರೆಯಿರಿ, ಗೈಡ್‌ಗೆ ಮೊದಲೇ ತೋರಿಸಿ. "ಇವತ್ತಿನ ಪೀರಿಯಡ್ ಹುಡುಕಾಟಕ್ಕೆ ಮಾತ್ರ" ಎಂದು ಮೇಲೆ ಬರೆದುಕೊಂಡರೆ ವೀಕ್ಷಣೆಗೆ ಬಂದವರಿಗೂ ಗೊಂದಲ ಆಗುವುದಿಲ್ಲ. ಚೀಟಿಯ ಉತ್ತರಗಳನ್ನು ಜೊತೆಗೆ ಇಟ್ಟುಕೊಂಡು ಮಾತಾಡಿ. ಮಕ್ಕಳ ಕೈಬರಹ ಮುಂದಿಟ್ಟು ಕಾರಣ ಹೇಳುವ ಪ್ರಶಿಕ್ಷಣಾರ್ಥಿಗೆ ಇಲ್ಲ ಅನ್ನುವ ಗೈಡ್ ಕಡಿಮೆ.

ನಿಮ್ಮ ಪಾಠಯೋಜನೆಯ ಪುಟದಲ್ಲಿ ಒಂದು ಕಾಲಂ ಸೇರಿಸಿ. "ನಿರೀಕ್ಷಿತ ಉತ್ತರ" ಎಂಬುದರ ಪಕ್ಕದಲ್ಲಿ "ಮಕ್ಕಳು ಇನ್ನೇನು ಹೇಳಬಹುದು, ಆಗ ನಾನು ಏನು ಕೇಳುತ್ತೇನೆ". ಪ್ರತಿ ಮುಖ್ಯ ಪ್ರಶ್ನೆಗೂ ಎರಡು ತಪ್ಪು ಉತ್ತರ ಊಹಿಸಿ ಬರೆಯಿರಿ. ಮೊದಲು ಹೊಳೆಯುವುದಿಲ್ಲ. ಶಾಲೆಯ ಗಣಿತದ ಸರ್ ಹತ್ತಿರ ಹೋಗಿ "ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಸರ್?" ಅಂತ ಕೇಳಿ, ಅವರು ಹೇಳುವಷ್ಟು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಮೈಕ್ರೋ ಟೀಚಿಂಗ್ ಬಗ್ಗೆ ಹೇಳಿದ್ದು ತುಂಬಾ ಸರಿ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಜೊತೆಗಾರರು ಇದನ್ನು ಶುರು ಮಾಡಿದಾಗ ಮುಂದೆ ಕೂರುತ್ತಿದ್ದವರು ನಿಜವಾದ ಶಾಲಾ ಮಕ್ಕಳು, ನಾಲ್ಕೈದು ಜನ. ನಮ್ಮ ದೇಶಕ್ಕೆ ಬಂದಾಗ ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸುವ ಪದ್ಧತಿ ಆಯಿತು. 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ಮತ್ತು 6, ಒಟ್ಟು 36 ನಿಮಿಷದ ಆವರ್ತ. ಸುಲಭ, ಎಲ್ಲಿ ಬೇಕಾದರೂ ಮಾಡಬಹುದು, ಆದರೆ ಮಕ್ಕಳು ಯೋಚಿಸುವ ರೀತಿ ಅಲ್ಲಿಗೆ ಬರುವುದೇ ಇಲ್ಲ. ನನ್ನ ತರಗತಿಯಲ್ಲಿ ಈಗ ಇಬ್ಬರಿಗೆ ಮೊದಲೇ ಚೀಟಿ ಕೊಟ್ಟಿರುತ್ತೇನೆ, ನೀನು 1/4 ದೊಡ್ಡದು ಎನ್ನುವ ಮಗು, ನೀನು ಮಾತೇ ಆಡದ ಮಗು ಅಂತ. ಪಾಠ ಮಾಡುವವರಿಗೆ ಅದು ಗೊತ್ತಿರುವುದಿಲ್ಲ. ಆ ಆರು ನಿಮಿಷ ಆಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ನಲಿಕಲಿ_ಟೀಚರ್

ನಾನು ಡಿ.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಮಾಡಿದವಳು, ಹೈಸ್ಕೂಲ್ ಗೊತ್ತಿಲ್ಲ, ಆದರೆ ಒಂದು ಮಾತು ಸೇರಿಸುತ್ತೇನೆ. ಅರ್ಧ ಕ್ಲಾಸು 2/5 ಅಂದರೆ ಉಳಿದ ಅರ್ಧ ಏನಂದಿತು? ಅದನ್ನು ನೀವು ಬರೆದಿಲ್ಲ. 5/6 ಗೊತ್ತಿದ್ದವರು ಕೆಲವರು, ಬಾಯಿ ಬಿಡದವರು ಕೆಲವರು ಇರುತ್ತಾರೆ. ಅವರೆಲ್ಲರಿಗೂ ಒಂದೇ ಪಾಠ ಹೇಗೆ ಸಾಕಾಗುತ್ತದೆ?

ಸರ್ಕಾರಿ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಇದ್ದ ಸಮಸ್ಯೆಯೂ ಇದೇ, ಒಂದೇ ಕೋಣೆಯಲ್ಲಿ ಬೇರೆ ಬೇರೆ ಹಂತದ ಮಕ್ಕಳು. ನಮ್ಮಲ್ಲಿ ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ಇರುತ್ತದೆ. ಕೆಲವರು ಪೂರ್ತಿ ಟೀಚರ್ ಜೊತೆ, ಕೆಲವರು ಅರ್ಧ ಟೀಚರ್ ಅರ್ಧ ಗೆಳೆಯರ ಸಹಾಯದಲ್ಲಿ, ಕೆಲವರು ತಾವೇ ಕಾರ್ಡ್ ಹಿಡಿದು ಕಲಿಯುತ್ತಾರೆ. ಹೈಸ್ಕೂಲಿನಲ್ಲಿ ಏಣಿ, ಕಾರ್ಡ್ ಎಲ್ಲ ಆಗುವುದಿಲ್ಲ. ಆದರೆ ಚೀಟಿ ನೋಡಿದ ಮೇಲೆ ವಾರಕ್ಕೆ ಎರಡು ಪೀರಿಯಡ್ ಗುಂಪಿನಲ್ಲಿ ಕೂರಿಸಿ. ಭಿನ್ನರಾಶಿ ಬರುವವರಿಗೆ ಪುಸ್ತಕದ ಮುಂದಿನ ಲೆಕ್ಕ ಕೊಟ್ಟುಬಿಡಿ, ನೀವು ಪಟ್ಟಿ ಹಿಡಿದುಕೊಂಡು ಬರದವರ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಬೋರ್ಡ್ ಹತ್ತಿರ ನಿಂತಿದ್ದರೆ ಹಿಂದಿನ ಬೆಂಚಿನ ಮಗು ನಿಮಗೆ ಯಾವತ್ತೂ ತಪ್ಪು ಉತ್ತರ ಹೇಳುವುದಿಲ್ಲ, ಪಕ್ಕ ಕೂತರೆ ಹೇಳುತ್ತದೆ.

ಗುಂಪಿಗೆ "ದಡ್ಡರ ಗುಂಪು" ಅನ್ನಿಸುವ ಹೆಸರು ಬರದ ಹಾಗೆ ನೋಡಿಕೊಳ್ಳಿ, ವಾರ ವಾರ ಗುಂಪು ಬದಲಿಸಿ. ಇದು ದಯವಿಟ್ಟು ಮರೆಯಬೇಡಿ.

ಫೈನಲ್_ಸೆಮ್

ಟಿಇಟಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಬಿ.ಇಡಿಯವರು ಬರೆಯಬೇಕಾದ್ದು ಪತ್ರಿಕೆ 2, ಅಂದರೆ 6ರಿಂದ 8ನೇ ತರಗತಿ. 1ರಿಂದ 5ನೇ ತರಗತಿಗೆ ಬಿ.ಇಡಿ ಅರ್ಹತೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲೇ ಹೇಳಿದೆ, ಅದಕ್ಕೆ ಡಿ.ಇಎಲ್.ಇಡಿ (ಹಿಂದಿನ ಡಿ.ಇಡಿ) ಬೇಕು. 150 ಪ್ರಶ್ನೆ, 150 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಸಾಮಾನ್ಯ ವರ್ಗಕ್ಕೆ ಶೇ. 60, ಅಂದರೆ 90 ಅಂಕ ಬೇಕು. ನಮಗೆ ಗಣಿತ-ವಿಜ್ಞಾನಕ್ಕೆ 60 ಅಂಕ, ಎರಡು ಭಾಷೆಗೆ 30ರಂತೆ 60, ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30. ಪ್ರಮಾಣಪತ್ರದ 7 ವರ್ಷದ ಗಡುವು 2021ರಲ್ಲೇ ಹೋಗಿದೆ, ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ, ಹಾಗಾಗಿ ಇಂಟರ್ನ್‌ಶಿಪ್ ಹಾಳು ಮಾಡಿಕೊಂಡು ಈ ವರ್ಷವೇ ಆಗಬೇಕು ಎಂದು ಒದ್ದಾಡಬೇಡಿ.

ಆ 30 ಅಂಕದ ಶಿಶು ವಿಕಾಸಕ್ಕೆ ಗೈಡ್ ಪುಸ್ತಕ ಬಾಯಿಪಾಠ ಮಾಡಿ ನನಗೆ ಏನೂ ಉಳಿಯುತ್ತಿರಲಿಲ್ಲ. ಶಾಲೆಯಲ್ಲಿ ನೋಡಿದ್ದನ್ನು ರಾತ್ರಿ ಪಿಯಾಜೆ, ವೈಗೋಟ್ಸ್ಕಿ ಎಂಬ ಮನೋವಿಜ್ಞಾನಿಗಳ ಪಾಠದ ಜೊತೆ ಇಟ್ಟು ಓದಲು ಶುರು ಮಾಡಿದ ಮೇಲೆ ಉಳಿಯಿತು. ಗೆಳತಿ ಸ್ವಲ್ಪ ಸುಳಿವು ಕೊಟ್ಟ ಕೂಡಲೇ ಲೆಕ್ಕ ಬಿಡಿಸಿದ ಮಗುವನ್ನು ಬೆಳಗ್ಗೆ ನೋಡಿದ್ದರೆ ವೈಗೋಟ್ಸ್ಕಿಯ ಸಮೀಪ ವಿಕಾಸದ ವಲಯವನ್ನು (ಮಗು ಒಂಟಿಯಾಗಿ ಮಾಡಲಾಗದ, ಸ್ವಲ್ಪ ಸಹಾಯ ಸಿಕ್ಕರೆ ಮಾಡಬಲ್ಲ ಕೆಲಸಗಳ ವ್ಯಾಪ್ತಿ) ಬೇರೆಯಾಗಿ ನೆನಪಿಡಬೇಕಾಗಿಲ್ಲ. ಪ್ರಶ್ನೆಗಳೂ ಈಗ ವ್ಯಾಖ್ಯಾನ ಕೇಳೋದಕ್ಕಿಂತ "ಒಂದು ಮಗು ಹೀಗೆ ಮಾಡಿತು, ಶಿಕ್ಷಕರು ಏನು ಮಾಡಬೇಕು" ಎಂಬ ಥರ ಬರುತ್ತವೆ. ಭಾಷೆಗೆ ದಿನ ಅರ್ಧ ಗಂಟೆ ಇಟ್ಟುಕೊಳ್ಳಿ, ನಮ್ಮ ವಿಜ್ಞಾನದವರು ಅಂಕ ಕಳೆದುಕೊಳ್ಳೋದು ಅಲ್ಲೇ.

ನೇರ_ಮಾತು

ಬೋಧಕಿ ಮೇಡಂ, ನಿಮ್ಮ ಕಾಲಂ ವಿಷಯ ಒಪ್ಪಿದೆ. ಆದರೆ ಗೈಡ್ ಒಬ್ಬರಿಗೆ ಎಷ್ಟೋ ಜನ ಪ್ರಶಿಕ್ಷಣಾರ್ಥಿಗಳು, ಶಾಲೆಗಳು ಬೇರೆ ಬೇರೆ ಕಡೆ. ಅವರು ಬಂದು ಕೂತು ಮಾತಾಡೋದು ಎಲ್ಲಾ ಕಡೆ ಆಗುತ್ತದೆಯೇ?

ಬೋಧಕಿ_ಬಿಇಡಿ

ಎಲ್ಲಾ ಕಡೆ ಆಗುವುದಿಲ್ಲ, ನಿಜ. ಅದಕ್ಕೇ ಒಂದೇ ಶಾಲೆಗೆ ಹೋಗಿರುವ ಪ್ರಶಿಕ್ಷಣಾರ್ಥಿಗಳು ಒಬ್ಬರ ಪಾಠಕ್ಕೆ ಒಬ್ಬರು ಕೂರಬೇಕು. ವೀಕ್ಷಣಾ ಪುಸ್ತಕದಲ್ಲಿ "ಧ್ವನಿ ಚೆನ್ನಾಗಿತ್ತು, ಕಪ್ಪುಹಲಗೆ ಬಳಕೆ ಉತ್ತಮ" ಎಂದು ಬರೆಯೋದು ಬಿಟ್ಟು, ಮೂರು ಮಕ್ಕಳನ್ನು ಆರಿಸಿಕೊಂಡು ಆ ಪೀರಿಯಡ್‌ನಲ್ಲಿ ಅವರು ಏನು ಮಾಡಿದರು, ಏನು ಹೇಳಿದರು ಎಂದು ಬರೆಯಲಿ. ಪಾಠ ಮಾಡುವವರಿಗೆ ಕಾಣದ್ದು ಹಿಂದೆ ಕೂತವರಿಗೆ ಕಾಣುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ.

ಗಣಿತ_ಪ್ರಶಿಕ್ಷಣಾರ್ಥಿ

ಎಲ್ಲರಿಗೂ ತುಂಬಾ ಧನ್ಯವಾದ. ಚೀಟಿ ಕೊಟ್ಟೆ, ಪಟ್ಟಿಯ ಪಾಠವನ್ನೂ ಮಾಡಿದೆ. 12 ಸೆಂ.ಮೀ. ಬಂದಾಗ ಒಬ್ಬ ಹುಡುಗ "ಸ್ಕೇಲ್ ಸರಿ ಇಲ್ಲ ಮಿಸ್" ಅಂದ, ಇನ್ನೊಬ್ಬನ ಸ್ಕೇಲ್ ಇಸ್ಕೊಂಡು ಮತ್ತೆ ಅಳೆದ. ಆಮೇಲೆ ಅವರವರಲ್ಲೇ ಜಗಳ ಶುರುವಾಯಿತು, ಒಳ್ಳೆ ಜಗಳ. ನಲಿಕಲಿ ಮೇಡಂ ಕೇಳಿದ್ದಕ್ಕೆ ಉತ್ತರ: ಉಳಿದ ಅರ್ಧದಲ್ಲಿ ಸರಿಯಾಗಿ ಮಾಡುವವರು ಕೆಲವರು, ಹೆಚ್ಚಿನವರು ಏನೂ ಬರೆಯದೆ ಖಾಲಿ ಬಿಟ್ಟಿದ್ದರು. ಅವರ ಜೊತೆ ಈ ವಾರ ಕೂರುತ್ತೇನೆ. 7 + 5 = □ + 4ಕ್ಕೆ ಮೇಷ್ಟ್ರು ಹೇಳಿದ ಹಾಗೇ 12 ಬಂತು, ಕೆಲವರು ಎಲ್ಲ ಕೂಡಿ 16 ಎಂದೂ ಬರೆದಿದ್ದಾರೆ.

ಒಂದು ಕೊನೇ ಪ್ರಶ್ನೆ. ಕ್ರಿಯಾ ಸಂಶೋಧನೆಗೆ ಇದನ್ನೇ ವಿಷಯವಾಗಿ ತೆಗೆದುಕೊಳ್ಳಬಹುದಾ? ಕಾಲೇಜಿನಲ್ಲಿ ಕೊಟ್ಟಿರುವ ಪಟ್ಟಿಯಲ್ಲಿ ತಡವಾಗಿ ಬರುವುದು, ಹೋಂವರ್ಕ್ ಮಾಡದಿರುವುದು ಇಂಥವೇ ಇವೆ.

ಹೈಸ್ಕೂಲ್ ಮೇಷ್ಟ್ರು

ಖಂಡಿತ ತೆಗೆದುಕೊಳ್ಳಿ. ಈ ಚೀಟಿಯೇ ನಿಮ್ಮ ಪೂರ್ವ ಪರೀಕ್ಷೆ, ಎಸೆಯಬೇಡಿ. ಘಟಕ ಮುಗಿದು ಸ್ವಲ್ಪ ದಿನ ಬಿಟ್ಟು ಅದೇ ಥರದ, ಸಂಖ್ಯೆ ಮಾತ್ರ ಬದಲಾದ ಪ್ರಶ್ನೆ ಕೊಡಿ, ಮಾರನೇ ದಿನವೇ ಕೊಟ್ಟರೆ ನೆನಪಿನಿಂದ ಬರೆಯುತ್ತಾರೆ. ಎಷ್ಟು ಜನ ಸರಿ ಎಂಬ ಲೆಕ್ಕದ ಜೊತೆಗೆ ಯಾವ ತಪ್ಪು ಯಾವುದಕ್ಕೆ ಬದಲಾಯಿತು ಎಂದೂ ಬರೆಯಿರಿ. ಮಕ್ಕಳ ಹೆಸರು ಹಾಕಬೇಡಿ, ಕ್ರಮ ಸಂಖ್ಯೆ ಸಾಕು. ವಿಷಯ ಬದಲಿಸಲು ಗೈಡ್ ಹತ್ತಿರ ಈ ವಾರವೇ ಕೇಳಿಬಿಡಿ, ಆಮೇಲೆ ಘಟಕ ಪರೀಕ್ಷೆ ಗಲಾಟೆಯಲ್ಲಿ ಸಮಯ ಸಿಗುವುದಿಲ್ಲ.